ಬೆಂಕಿಗೆ ಬರೆದ ಕರಾರು



ಬೆಳ್ಳಿಯ ಉಂಗುರವೊಂದರಲ್ಲಿಯೋ ತಾಮ್ರದ ಬಿಲ್ಲೆಯೊಂದರಲ್ಲಿಯೋ ಅಗ್ನಿಜಾತಿಗೆ ಸೇರಿದ ಜಿನ್ನೊಂದನ್ನು ಕಟ್ಟಿಹಾಕಿದೆಯೆಂದೂ, ಅದನ್ನು ಧರಿಸಿದವನಿಗೆ ಆ ಜಿನ್ನು ಅಹೋರಾತ್ರಿ ಊಳಿಗ ಮಾಡಿ, ಹಗೆಗಳನ್ನು ಅಡಗಿಸಿ, ಧನವನ್ನು ತಂದುಕೊಟ್ಟು, ಒಲಿಯದವರನ್ನು ಒಲಿಸುವುದೆಂದೂ ಹೇಳಿ ಮಾರುವವರು ಇಂದಿಗೂ ಇದ್ದಾರೆ; ಕೊಳ್ಳುವವರಿಗೂ ಬರವಿಲ್ಲ. ಜಿನ್ನೆಂಬುದು ಉಂಟೇ, ಇಲ್ಲವೇ ಎಂಬ ವಾದಕ್ಕೆ ಇಳಿಯುವ ಉದ್ದೇಶ ನನಗಿಲ್ಲ. ಉಂಟೆನ್ನುವವರು ನನ್ನ ಮಾತಿನಿಂದ ನಂಬಿಕೆಯನ್ನು ಬಿಡಲಾರರು. ಇಲ್ಲವೆನ್ನುವವರಿಗೆ ನನ್ನ ಮಾತಿನ ಅಗತ್ಯವೇ ಇಲ್ಲ. ಆದರೆ ಯಾವ ಪರಂಪರೆಯ ಹೆಸರನ್ನು ಹೇಳಿ ಈ ವಸ್ತುವಿನ ವ್ಯಾಪಾರ ನಡೆಯುತ್ತಿದೆಯೋ ಆ ಪರಂಪರೆಯಲ್ಲಿ, ಬೆಂಕಿಯಿಂದ ಹುಟ್ಟಿದ ಜೀವಿಯನ್ನು ಕಟ್ಟುವುದೆಂದರೆ ಏನೆಂದು ಭಾವಿಸಿದ್ದರು, ಯಾವುದರಿಂದ ಕಟ್ಟುತ್ತಿದ್ದರು ಎಂಬ ಪ್ರಶ್ನೆ ಮಾತ್ರ ವಿಚಾರಯೋಗ್ಯವಾದುದು. ನನಗೆ ತೋರಿದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕಟ್ಟುವುದು ಲೋಹವಲ್ಲ, ಮಾತು. ಹಳೆಯ ತಾಯತವನ್ನು ಸೆರೆಮನೆಯೆಂದು ತಿಳಿಯುವುದಕ್ಕಿಂತ ಕರಾರುಪತ್ರವೆಂದು ತಿಳಿಯುವುದೇ ಸರಿ.

ಜಿನ್ನುಗಳು ಇಸ್ಲಾಮಿಗಿಂತ ಹಳೆಯವು. ಅರೇಬಿಯದ ಮರುಭೂಮಿಯಲ್ಲಿ ನಿರ್ಜನವಾದ ಕಣಿವೆಗಳಿಗೂ ಹಾಳುಬಾವಿಗಳಿಗೂ ಅವು ಒಡೆಯರೆಂದು ಜನ ಬಹು ಪೂರ್ವದಿಂದಲೇ ನಂಬಿದ್ದರು. ಕುರಾನು ಆ ನಂಬಿಕೆಯನ್ನು ತಳ್ಳಿಹಾಕದೆ, ಅದಕ್ಕೆ ಒಂದು ಸ್ಥಾನವನ್ನು ನಿರ್ದೇಶಿಸಿತು. 55ನೆಯ ಅಧ್ಯಾಯದಲ್ಲಿ ಮನುಷ್ಯನನ್ನು ಮಡಕೆಯಂತೆ ಸದ್ದುಗೊಡುವ ಒಣಮಣ್ಣಿನಿಂದಲೂ ಜಿನ್ನನ್ನು ಹೊಗೆಯಿಲ್ಲದ ಜ್ವಾಲೆಯಿಂದಲೂ ಸೃಷ್ಟಿಸಲಾಯಿತೆಂದಿದೆ. 15ನೆಯದರಲ್ಲಿ, ಮನುಷ್ಯನಿಗಿಂತ ಮೊದಲೇ ಅದನ್ನು ಸುಡುಗಾಳಿಯ ಬೆಂಕಿಯಿಂದ ಮಾಡಲಾಯಿತೆಂದಿದೆ. ಆದುದರಿಂದ, ಸೂಕ್ಷ್ಮವಾಗಿ ನೋಡಿದರೆ, ‘ಅಗ್ನಿಜಿನ್ನು’ ಎಂಬುದೊಂದು ವಿಶೇಷ ಜಾತಿಯೇ ಅಲ್ಲ, ಜಿನ್ನುಗಳೆಲ್ಲವೂ ಅಗ್ನಿಸಂಭವವೇ. ಅವುಗಳಲ್ಲಿ ಭೂಮಿ, ಜಲ, ವಾಯು, ಅಗ್ನಿಯೆಂಬ ವಿಂಗಡಣೆಯನ್ನು ಮಾಡಿದವರು ಬಹುಕಾಲದ ತರುವಾಯ ಬಂದ ಮಂತ್ರಶಾಸ್ತ್ರಜ್ಞರು.

ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಆ ಧರ್ಮದಲ್ಲಿ ಜಿನ್ನುಗಳು ಬರಿಯ ಭೂತಗಳಾಗಿರದೆ ಒಂದು ಪ್ರಜಾಸಮೂಹವಾಗಿರುವುದು. ಅವುಗಳಿಗೂ ಸಂಸಾರವುಂಟು, ಮರಣವುಂಟು, ಪಾಪಪುಣ್ಯಗಳುಂಟು. ಅವುಗಳ ಹೆಸರನ್ನೇ ಹೊತ್ತ 72ನೆಯ ಅಧ್ಯಾಯವು, ಜಿನ್ನುಗಳ ಗುಂಪೊಂದು ಕುರಾನಿನ ಪಠನವನ್ನು ಆಲಿಸಿ ವಿಶ್ವಾಸಿಗಳಾದ ಪ್ರಸಂಗದಿಂದಲೇ ಆರಂಭವಾಗುತ್ತದೆ. ಮಾತನ್ನು ಕೇಳಬಲ್ಲ, ಒಪ್ಪಬಲ್ಲ, ಮೀರಬಲ್ಲ ಜೀವಿಗೆ ಆಣೆಯಿಡಿಸುವುದೂ ಸಾಧ್ಯ. ಮುಂದೆ ಹುಟ್ಟಿದ ತಾಯತಗಳ ಸಾಹಿತ್ಯವೆಲ್ಲ ಈ ಒಂದು ಸಾಧ್ಯತೆಯ ಮೇಲೆ ನಿಂತಿದೆಯೆಂದು ನನ್ನ ಅಭಿಪ್ರಾಯ.

ಜಿನ್ನುಗಳನ್ನು ಅಂಕೆಯಲ್ಲಿಟ್ಟುಕೊಂಡ ದೊರೆಯೆಂದರೆ ದಾವೂದನ ಮಗನಾದ ಸುಲೈಮಾನ್. ಅವನ ಅಪ್ಪಣೆಯಂತೆ ಅವು ಮಂದಿರಗಳನ್ನು ಕಟ್ಟಿದವು, ಕೆರೆಗಳಂಥ ಕೊಪ್ಪರಿಗೆಗಳನ್ನು ಎರಕ ಹೊಯ್ದವು, ಕಡಲಲ್ಲಿ ಮುಳುಗಿದವು. ಕೆಲವು ಸಂಕೋಲೆಗಳಲ್ಲಿ ಬಂಧಿತವಾಗಿದ್ದವೆಂದೂ ಕುರಾನು ಹೇಳುತ್ತದೆ. ಅವನ ಮರಣದ ಪ್ರಸಂಗ ಬಹು ಸ್ವಾರಸ್ಯವಾದುದು. ದೊರೆ ಊರುಗೋಲಿಗೆ ಒರಗಿ ನಿಂತಂತೆಯೇ ಪ್ರಾಣ ಬಿಟ್ಟನು. ಅವನು ನೋಡುತ್ತಿದ್ದಾನೆಂದೇ ಬಗೆದು ಜಿನ್ನುಗಳು ದುಡಿಯುತ್ತಲೇ ಇದ್ದವು. ಗೆದ್ದಲು ಊರುಗೋಲನ್ನು ತಿಂದು, ದೇಹ ನೆಲಕ್ಕೆ ಉರುಳಿದ ಮೇಲೆಯೇ, ತಮಗೆ ಪರೋಕ್ಷಜ್ಞಾನವಿದ್ದಿದ್ದರೆ ಈ ಹೀನಾಯವಾದ ದುಡಿಮೆಯಲ್ಲಿ ಉಳಿಯುತ್ತಿರಲಿಲ್ಲವಲ್ಲ ಎಂಬುದು ಅವುಗಳಿಗೆ ತಿಳಿದುದು. ಭವಿಷ್ಯವನ್ನು ತಿಳಿಸುವ ಜಿನ್ನೆಂದು ಉಂಗುರವನ್ನು ಮಾರುವವರು ಈ ಕಥೆಯನ್ನು ಓದಿರಲಾರರು.

ಸುಲೈಮಾನನು ದೇವರಲ್ಲಿ ಬೇಡಿದ ವರವೊಂದುಂಟು: ತನ್ನ ತರುವಾಯ ಮತ್ತಾರಿಗೂ ಸಲ್ಲದಂಥ ರಾಜ್ಯವು ತನಗೆ ದೊರೆಯಲಿ ಎಂಬುದು. ಪ್ರವಾದಿಯವರ ನಡೆನುಡಿಗಳ ವರದಿಗಳಾದ ಹದೀಸುಗಳ ಬುಖಾರಿ ಸಂಗ್ರಹದಲ್ಲಿ ಬರುವ ಒಂದು ವೃತ್ತಾಂತದ ಪ್ರಕಾರ, ಪ್ರವಾದಿಯವರ ನಮಾಜನ್ನು ಕೆಡಿಸಲೆಂದು ರಾತ್ರಿ ಇಫ್ರೀತನೆಂದು ಕರೆಯುವ ಬಲಿಷ್ಠ ಜಾತಿಯ ಜಿನ್ನನೊಬ್ಬನು ಬಂದನು. ಅವನನ್ನು ಹಿಡಿದು, ಬೆಳಗಾದಮೇಲೆ ಎಲ್ಲರೂ ನೋಡುವಂತೆ ಮಸೀದಿಯ ಕಂಬಕ್ಕೆ ಕಟ್ಟಬೇಕೆಂದು ಅವರು ಎಣಿಸಿದರಾದರೂ, ಸುಲೈಮಾನನ ಆ ಪ್ರಾರ್ಥನೆ ನೆನಪಿಗೆ ಬಂದು ಬಿಟ್ಟುಬಿಟ್ಟರು. ಪ್ರವಾದಿಯೇ ಕಟ್ಟದೆ ಬಿಟ್ಟುದನ್ನು ತಾನು ಕಟ್ಟಿದ್ದೇನೆಂದು ಹೇಳಿಕೊಳ್ಳುವುದಕ್ಕೆ ಸಾಕಷ್ಟು ಎದೆಗಾರಿಕೆ ಬೇಕು. ಶಾಸ್ತ್ರಜ್ಞರಾದವರು ಜಿನ್ನನ್ನು ಊಳಿಗಕ್ಕಿಟ್ಟುಕೊಳ್ಳುವುದನ್ನು ಖಂಡಿಸುತ್ತ ಬಂದಿದ್ದಾರೆ. ತಾಯತವನ್ನು ತೊಡುವುದೇ ದೇವರಿಗೆ ಎಣೆಯನ್ನು ಕಲ್ಪಿಸಿದಂತೆಂಬ ಹದೀಸೂ ಉಂಟು. ಕುರಾನಿನ ವಾಕ್ಯವನ್ನಷ್ಟೇ ಬರೆದು ಕಟ್ಟಿಕೊಳ್ಳಬಹುದೆಂದು ಸಡಿಲಿಸಿದವರೂ ಉಂಟು. ಈ ವಿವಾದದ ವಿವರಗಳಿಗೆ ನಾನು ಹೋಗುವುದಿಲ್ಲ.

ಸಾಲಮನ್ ಎಂದೂ ಹೆಸರಾದ ಈ ಸುಲೈಮಾನನು ಮುದ್ರೆಯುಂಗುರದಿಂದ ಭೂತಗಳನ್ನು ಆಳಿದನೆಂಬ ಕಥೆಯು ಅರಬ್ಬರಲ್ಲಿಯೇ ಹುಟ್ಟಿದ್ದಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಯೆಹೂದಿ ಇತಿಹಾಸಕಾರನಾದ ಜೋಸೆಫಸನು ತಾನು ಕಣ್ಣಾರೆ ಕಂಡುದನ್ನು ಬರೆದಿದ್ದಾನೆ: ಎಲಿಯಾಜರನೆಂಬವನು ರೋಮನ್ ದಳಪತಿ ವೆಸ್ಪೇಸಿಯನ್ನನ ಸಮ್ಮುಖದಲ್ಲಿ, ಸಾಲಮನ್ ಹೇಳಿದ ಗಿಡದ ಬೇರನ್ನು ಅಡಗಿಸಿದ್ದ ಉಂಗುರವನ್ನು ಪೀಡಿತನ ಮೂಗಿಗೆ ಹಿಡಿದು ಭೂತವನ್ನು ಹೊರಗೆಳೆದನಂತೆ. ಅಷ್ಟಕ್ಕೆ ಮುಗಿಯಲಿಲ್ಲ. ಸಾಲಮನ್ನನ ಹೆಸರೆತ್ತಿ, ಮತ್ತೆ ಬರಕೂಡದೆಂದು ಭೂತಕ್ಕೆ ಆಣೆಯಿಟ್ಟನು. ಹೊರಟುದಕ್ಕೆ ಗುರುತಾಗಿ ಅಲ್ಲಿಟ್ಟಿದ್ದ ನೀರಿನ ಪಾತ್ರೆಯನ್ನು ಉರುಳಿಸಿ ಹೋಗೆಂದು ಅಪ್ಪಣೆ ಮಾಡಿದನು. ಬೇರು, ಉಂಗುರಗಳು ಭೂತವನ್ನು ಹೊರಗೆಳೆದವು. ಹೊರಗೆ ಇರಿಸಿದ್ದು ಆಣೆ. ‘ಸಾಲಮನ್ನನ ಒಡಂಬಡಿಕೆ’ ಎಂಬ ಗ್ರೀಕ್ ಗ್ರಂಥದಲ್ಲಿಯಾದರೋ, ಅರೇಬಿಯದ ಗಾಳಿಭೂತವೊಂದನ್ನು ಹುಡುಗನೊಬ್ಬನು ಮುದ್ರೆಯುಂಗುರದ ಬಲದಿಂದ ತೊಗಲಿನ ಚೀಲದೊಳಗೆ ಹಿಡಿದು ತರುತ್ತಾನೆ. ಪಾತ್ರೆಯೊಳಗೆ ಭೂತವನ್ನು ಮುಚ್ಚಿಡುವ ಕಲ್ಪನೆಯ ಹಳೆಯ ನಿದರ್ಶನಗಳಲ್ಲಿ ಇದೂ ಒಂದು.

ಆದರೆ ನನ್ನ ವಾದಕ್ಕೆ ಇವೆಲ್ಲಕ್ಕಿಂತ ಬಲವಾದ ಸಾಕ್ಷಿ ದೊರೆಯುವುದು ನೆಲದಡಿಯಲ್ಲಿ. ಇಂದಿನ ಇರಾಕಿನಲ್ಲಿರುವ ನಿಪ್ಪುರ್ ಎಂಬ ಪ್ರಾಚೀನ ನಗರದ ದಿಬ್ಬವನ್ನು 1888–89ರಿಂದ ಮೊದಲ್ಗೊಂಡು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು ಅಗೆದಾಗ, ಸಾಧಾರಣವಾದ ಮಣ್ಣಿನ ಬಟ್ಟಲುಗಳು ಹಲವು ಸಿಕ್ಕಿದುವು. ಅವುಗಳಲ್ಲಿ ಕೆಲವನ್ನು ಮಾಂಟ್‌ಗೊಮರಿ ಎಂಬ ಪಂಡಿತನು 1913ರಲ್ಲಿ ಓದಿ ಪ್ರಕಟಿಸಿದನು. ಇಸ್ಲಾಮಿನ ಉದಯಕ್ಕೆ ಹಿಂದುಮುಂದಿನ ಶತಮಾನಗಳ ಬಟ್ಟಲುಗಳು ಅವು. ಒಳಮೈಯಲ್ಲಿ ಮಸಿಯಿಂದ ಅರಮೇಯಿಕ್ ಅಕ್ಷರಗಳು ಸುರುಳಿಸುರುಳಿಯಾಗಿ ಸುತ್ತಿಕೊಂಡು ಹೋಗುತ್ತವೆ. ನಡುವೆ, ಕೆಲವದರಲ್ಲಿ, ಕೈಕಾಲುಗಳನ್ನು ಸರಪಣಿಯಿಂದ ಬಿಗಿದ ಭೂತದ ಒರಟು ಚಿತ್ರ. ಇಂಥ ಬಟ್ಟಲನ್ನು ಮನೆಯ ಹೊಸ್ತಿಲಡಿಯಲ್ಲಿ ಅಥವಾ ಮೂಲೆಯಲ್ಲಿ ಬೋರಲಾಗಿ ಹೂಳುತ್ತಿದ್ದರು. ನೋಡಿದವರಿಗೆ ಭೂತವನ್ನು ಕವಿಚಿ ಹಿಡಿಯುವ ಬೋನಿನಂತೆಯೇ ತೋರುತ್ತದೆ. ಆದರೆ ಬರಹವನ್ನು ಓದಿದರೆ ನ್ಯಾಯಾಲಯದ ವಾಸನೆ ಹೊಡೆಯುತ್ತದೆ! ಲಿಲಿತ್ ಎಂಬ ಪಿಶಾಚಿಗೆ ಆ ಮನೆಯವರು ವಿಧಿವತ್ತಾಗಿ ವಿಚ್ಛೇದನಪತ್ರವನ್ನು ಕೊಡುತ್ತಾರೆ. ಇಂಥ ತಾಯಿಯ ಮಗನಾದ ಇಂಥವನು, ಇಂಥ ತಾಯಿಯ ಮಗಳಾದ ಇಂಥವಳು ಎಂದು ಕಕ್ಷಿದಾರರನ್ನು ಹೆಸರಿಸಿ, ಯೆಹೋಶುವ ಬೆನ್ ಪೆರಹ್ಯನೆಂಬ ಪುರಾತನ ಗುರುವಿನ ಅಧಿಕಾರವನ್ನು ಉಲ್ಲೇಖಿಸಿ, ಪತ್ರವು ನಿನಗೆ ತಲಪಿತು, ಇನ್ನು ಈ ಮನೆಯ ಮೇಲೆ ನಿನಗೆ ಹಕ್ಕಿಲ್ಲ, ಹೊರಡು ಎಂಬ ಧಾಟಿಯಲ್ಲಿ ಒಕ್ಕಣೆ ಸಾಗುತ್ತದೆ. ಗಂಡನು ಹೆಂಡತಿಗೆ ಬರೆದುಕೊಡುತ್ತಿದ್ದ ಪತ್ರದ ಮಾದರಿಯೇ ಪಿಶಾಚಿಗೂ ಸಾಕಾಯಿತು. ಮನೆಯಲ್ಲಿ ಹೊಕ್ಕ ಕೇಡನ್ನು ಹೊಡೆದಟ್ಟುವುದಕ್ಕಿಂತ ಅದರೊಡನೆ ವ್ಯವಹಾರವನ್ನು ತೀರಿಸಿಕೊಳ್ಳುವುದು ಲೇಸೆಂದು ಆ ಜನರು ಬಗೆದಂತಿದೆ.

ಇದೇ ಮನೋಧರ್ಮವು ಅರಬ್ಬೀ ಭಾಷೆಯಲ್ಲಿ ‘ಸುಲೈಮಾನನ ಏಳು ಕರಾರುಗಳು’ ಎಂಬ ತಾಯತವಾಗಿ ಮುಂದುವರಿಯಿತು. ಉಮ್ಮುಸ್ಸಿಬ್ಯಾನ್ ಎಂಬ ಶಿಶುಘಾತಿನಿಯಾದ ಮುದುಕಿಯನ್ನು ಸುಲೈಮಾನನು ತಡೆದು ನಿಲ್ಲಿಸುತ್ತಾನೆ. ಬಸುರನ್ನು ಇಳಿಸುವುದು, ಕೂಸನ್ನು ಸೊರಗಿಸುವುದು ಮೊದಲಾದ ತನ್ನ ಕೃತ್ಯಗಳನ್ನು ಅವಳು ಒಪ್ಪಿಕೊಳ್ಳುತ್ತಾಳೆ. ದಂಡನೆಗೆ ಹೆದರಿ, ಈ ಕರಾರುಗಳನ್ನು ಧರಿಸಿದವರ ಬಳಿಗೆ ಸುಳಿಯೆನೆಂದು ಒಂದರ ಮೇಲೊಂದರಂತೆ ಏಳು ಬಾರಿ ಆಣೆಯಿಡುತ್ತಾಳೆ. ಈಜಿಪ್ಟಿನಲ್ಲಿ ಇದು ಅಗ್ಗದ ಪುಟ್ಟ ಪುಸ್ತಿಕೆಯಾಗಿ ಅಚ್ಚಾಗಿ, ಅಸಂಖ್ಯಾತ ತಾಯಂದಿರ ಮನೆಗಳನ್ನು ಹೊಕ್ಕಿದೆ. ಬಾಗ್ದಾದಿನ ಪುಸ್ತಕವ್ಯಾಪಾರಿಯಾದ ಇಬ್ನ್ ಅಲ್-ನದೀಮನು 987ರ ಸುಮಾರಿಗೆ ರಚಿಸಿದ ‘ಫಿಹ್ರಿಸ್ತ್’ ಎಂಬ ಗ್ರಂಥಸೂಚಿಯಲ್ಲಿ ಮಾಂತ್ರಿಕರನ್ನು ಎರಡು ಪಂಗಡ ಮಾಡುತ್ತಾನೆ: ದೈವನಾಮಗಳಿಂದಲೂ ಆಣೆಗಳಿಂದಲೂ ಜಿನ್ನುಗಳನ್ನು ವಿಧೇಯಗೊಳಿಸುತ್ತೇವೆನ್ನುವವರು ಒಂದು ಕಡೆ, ಬಲಿಗಳಿಂದಲೂ ನಿಷಿದ್ಧಕರ್ಮಗಳಿಂದಲೂ ಅವುಗಳನ್ನು ಮೆಚ್ಚಿಸುವವರು ಇನ್ನೊಂದು ಕಡೆ. ವ್ಯಾಪಾರಿಯ ಕಣ್ಣಿಗೆ ಸರಕಿನ ಭೇದ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಪಾತ್ರೆಯೊಳಗಿನ ಜಿನ್ನಿನ ಕಲ್ಪನೆಗೆ ಇಷ್ಟೊಂದು ಪ್ರಸಿದ್ಧಿಯನ್ನು ತಂದವರು ಯಾರು? ಕಥೆಗಾರರು. ‘ಸಾವಿರದೊಂದು ರಾತ್ರಿ’ಗಳ ಹಿತ್ತಾಳೆಯ ನಗರದ ಕಥೆಯಲ್ಲಿ, ಸುಲೈಮಾನನು ಸೀಸದ ಮುದ್ರೆಯೊತ್ತಿ ಕಡಲಿಗೆಸೆದ ತಾಮ್ರದ ಕುಡಿಕೆಗಳನ್ನು ತರಲೆಂದು ಖಲೀಫನು ದಂಡನ್ನೇ ಕಳುಹಿಸುತ್ತಾನೆ, ಅವುಗಳನ್ನು ತೆರೆದರೆ ಹೊಗೆ ಎದ್ದು, ಒಳಗಿದ್ದವನು ಸುಲೈಮಾನನು ಇನ್ನೂ ಬದುಕಿದ್ದಾನೆಂದೇ ಎಣಿಸಿ ತಪ್ಪಾಯಿತೆಂದು ಕೂಗುತ್ತಾನೆ. ಬೆಸ್ತನ ಕಥೆ ನಮ್ಮ ಮಕ್ಕಳಿಗೂ ತಿಳಿದುದೇ. ಬಲೆಗೆ ಬಿದ್ದ ಕುಡಿಕೆಯಿಂದ ಹೊರಬಂದ ಇಫ್ರೀತನು ಬೆಸ್ತನನ್ನೇ ಕೊಲ್ಲುವೆನೆಂದಾಗ, ಇಷ್ಟು ದೊಡ್ಡವನು ಇಷ್ಟು ಸಣ್ಣ ಕುಡಿಕೆಯಲ್ಲಿ ಹಿಡಿಸುವುದುಂಟೇ ಎಂದು ಕೆಣಕಿ ಬೆಸ್ತನು ಅವನನ್ನು ಒಳಗೆ ಹೊಗಿಸುತ್ತಾನಷ್ಟೆ. ನಮ್ಮವರು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟಿಸುತ್ತಾರೆ. ಮೂಲದಲ್ಲಿ ಬೆಸ್ತನು ಅವನನ್ನು ಎರಡನೆಯ ಬಾರಿ ಬಿಡುಗಡೆ ಮಾಡುತ್ತಾನೆ. ಮಾಡುವ ಮೊದಲು ದೇವರ ಮಹಾನಾಮದ ಮೇಲೆ ಪ್ರಮಾಣ ಮಾಡಿಸಿಕೊಳ್ಳುತ್ತಾನೆ. ಮುಚ್ಚಳ ತೆರೆದ ಮೇಲೆಯೂ ಇಫ್ರೀತನು ಅವನಿಗೆ ಕೇಡೆಣಿಸದೆ, ಮೀನುಗಳು ಸಿಗುವ ಕೊಳದ ದಾರಿಯನ್ನು ತೋರಿದುದು ಆ ಪ್ರಮಾಣದಿಂದ. ಕಥೆಗಾರನಿಗೂ ಸೀಸದ ಮೇಲೆ ಪೂರ್ಣವಿಶ್ವಾಸವಿರಲಿಲ್ಲ.

ಇನ್ನು ತಾಯತದ ರಚನಾಕ್ರಮವನ್ನು ಸ್ವಲ್ಪ ಸಮೀಪದಿಂದ ನೋಡೋಣ. ಅರಬ್ಬೀ ಲಿಪಿಯ 28 ಅಕ್ಷರಗಳಲ್ಲಿ ಒಂದೊಂದಕ್ಕೂ ಒಂದೊಂದು ಸಂಖ್ಯೆ ಉಂಟು. ನಮ್ಮ ಕಟಪಯಾದಿಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಈ ಅಕ್ಷರಗಳನ್ನು ಏಳೇಳರಂತೆ ಅಗ್ನಿ, ವಾಯು, ಜಲ, ಭೂಮಿಗಳಿಗೆ ಹಂಚಿಕೊಟ್ಟರು. ಸಂಖ್ಯಾಕ್ರಮದಲ್ಲಿ ಮೊದಲಿನದರಿಂದ ತೊಡಗಿ ನಾಲ್ಕಕ್ಕೊಂದರಂತೆ ಎತ್ತಿಕೊಂಡರೆ ಅಲಿಫ್, ಹೇ, ತೋಯ್, ಮೀಮ್, ಫೇ, ಶೀನ್, ಜಾಲ್ ಎಂಬ ಅಗ್ನ್ಯಕ್ಷರಗಳು ದೊರೆಯುತ್ತವೆ. ಅವುಗಳ ಬೆಲೆ 1, 5, 9, 40, 80, 300, 700. ತಾಯತವನ್ನು ಬೇಡಿ ಬಂದವನ ಹೆಸರು, ಅವನ ತಾಯಿಯ ಹೆಸರು, ಉದ್ದೇಶಕ್ಕೆ ತಕ್ಕ ದೈವನಾಮ, ಇವುಗಳನ್ನು ಅಂಕೆಗಳಾಗಿ ಮಾರ್ಪಡಿಸಿ ಕೂಡಿಸುತ್ತಾರೆ. ನಿಪ್ಪುರಿನ ಬಟ್ಟಲಿನಲ್ಲಿ ಕಂಡ ತಾಯಿಯ ಹೆಸರು ಇಲ್ಲಿಯೂ ಕಾಣುತ್ತದೆಂಬುದನ್ನು ಗಮನಿಸಬೇಕು. ಕಕ್ಷಿದಾರನ ಗುರುತಿನಲ್ಲಿ ಸಂಶಯಕ್ಕೆ ಎಡೆಯಿರಬಾರದಷ್ಟೆ.

ಹೀಗೆ ಬಂದ ಮೊತ್ತವನ್ನು ಚೌಕದಲ್ಲಿ ತುಂಬಬೇಕು. ಉದಾಹರಣೆಗೆ, ಯಾವ ಕಾರ್ಯಕ್ಕೂ ಮೊದಲಾಗಿ ಉಚ್ಚರಿಸುವ ‘ಬಿಸ್ಮಿಲ್ಲಾಹ್’ ಎಂದು ಮೊದಲಾಗುವ ಪೂರ್ಣವಾಕ್ಯದ ಮೊತ್ತ 786. ಹದಿನಾರು ಮನೆಗಳ ಚೌಕಕ್ಕೆ ನಿಯಮವೇನೆಂದರೆ, ಮೊತ್ತದಿಂದ 30ನ್ನು ಕಳೆದು ನಾಲ್ಕರಿಂದ ಭಾಗಿಸುವುದು: 756ನ್ನು ನಾಲ್ಕರಿಂದ ಭಾಗಿಸಿದರೆ 189. ಅಲ್ಲಿಂದ 204ರವರೆಗಿನ ಹದಿನಾರು ಸಂಖ್ಯೆಗಳನ್ನು ಕ್ರಮಬದ್ಧವಾಗಿ ಮನೆಗಳಲ್ಲಿಟ್ಟರೆ ಮೊದಲ ಸಾಲು 196, 199, 202, 189. ಎರಡನೆಯದು 201, 190, 195, 200. ಉದ್ದ, ಅಡ್ಡ, ಓರೆ, ಹೇಗೆ ಕೂಡಿದರೂ 786. ಖಜುರಾಹೋವಿನ ಪಾರ್ಶ್ವನಾಥ ಜಿನಾಲಯದಲ್ಲಿ ಕೊರೆದಿರುವ, ಎತ್ತ ಕೂಡಿದರೂ 34 ಬರುವ ಚೌಕವೂ ಇದೇ ಕುಲದ್ದು, ಗಣಿತಕ್ಕೆ ಮತಭೇದವಿಲ್ಲ. ಎಲ್ಲ ದಿಕ್ಕಿನಿಂದಲೂ ಒಂದೇ ಮಾತನ್ನಾಡುವ ಈ ಚೌಕದಲ್ಲಿ ಪ್ರತಿವಾದಿಯು ನುಸುಳಿಹೋಗಲು ಒಂದು ಬಿರುಕೂ ಇಲ್ಲವೆಂಬುದು ಬರೆದವರ ನಂಬಿಕೆಯಾಗಿದ್ದಿರಬೇಕು. ಕೈರೋವಿನಲ್ಲಿ 1225ರಲ್ಲಿ ತೀರಿಕೊಂಡನೆಂದು ಹೇಳಲಾಗುವ ಅಲ್-ಬೂನಿಯ ಹೆಸರಿನಲ್ಲಿ ಹಬ್ಬಿದ ಗ್ರಂಥಗಳಲ್ಲಿ ಇಂಥ ಚೌಕಗಳು ಹೇರಳವಾಗಿವೆ. ದೈವನಾಮಗಳಿಗೆ ಊಳಿಗದ ದೂತರುಂಟೆಂದೂ, ವಾರದ ಏಳು ದಿನಗಳಿಗೆ ಏಳು ಮಂದಿ ಜಿನ್ನರಾಜರುಂಟೆಂದೂ, ಮಂಗಳವಾರವು ಅಂಗಾರಕನ ದಿನವಾದ್ದರಿಂದ ಅದಕ್ಕೆ ಒಡೆಯನು ಅಲ್-ಅಹ್ಮರ್ ಎಂಬ ಕೆಂಪುರಾಜನೆಂದೂ ಈ ಶಾಸ್ತ್ರ ಹೇಳುತ್ತದೆ. ಬೆಂಕಿಯ ಜಿನ್ನನ್ನು ಮಾರುವವರಿಗೆ ಮೂಲಬಂಡವಾಳ ಈ ಕೆಂಪುರಾಜನೇ ಇರಬೇಕು.

ಈ ಶಾಸ್ತ್ರವು ನಮ್ಮ ದಕ್ಷಿಣದೇಶಕ್ಕೆ ಬಂದ ಬಗೆಯನ್ನು ಅರಿಯಲು, ಏಲೂರಿನ ಜಾಫರ್ ಷರೀಫನು ದಖನಿಯ ಮುಸಲ್ಮಾನರ ಆಚಾರಗಳನ್ನು ಕುರಿತು ಬರೆದು, ಹರ್ಕ್ಲಾಟ್ಸ್ ಎಂಬ ವೈದ್ಯನು ಭಾಷಾಂತರಿಸಿ 1832ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ಕಾನೂನ್-ಎ-ಇಸ್ಲಾಂ’ ಎಂಬ ಪುಸ್ತಕಕ್ಕೆ ಮಿಗಿಲಾದ ಆಕರವಿಲ್ಲ. ಜಿನ್ನನ್ನು ವಶಪಡಿಸಿಕೊಳ್ಳಬೇಕೆನ್ನುವವನು ನಲವತ್ತು ದಿನಗಳ ಚಿಲ್ಲಾ ಎಂಬ ಏಕಾಂತವ್ರತವನ್ನು ಹಿಡಿಯಬೇಕು; ಮಾಂಸ, ಮೀನು, ಮೊಟ್ಟೆಗಳನ್ನು ವರ್ಜಿಸಬೇಕು; ತನ್ನ ಸುತ್ತ ಮಂಡಲ ಬರೆದು, ಜಪಸಂಖ್ಯೆಯನ್ನು ಪೂರೈಸಬೇಕು. ಬರೆದ ತಾಯತಕ್ಕೂ ಭೂಮಿ ಮೊದಲಾದ ತತ್ತ್ವಗಳಿಗನುಸಾರವಾಗಿ ಗತಿಯುಂಟು. ಭೂಮಿಯದನ್ನು ಹೂಳುತ್ತಾರೆ, ಜಲದ್ದನ್ನು ನೀರಿಗೆ ಹಾಕುತ್ತಾರೆ, ವಾಯುವಿನದನ್ನು ಮರಕ್ಕೆ ತೂಗಹಾಕುತ್ತಾರೆ. ಆತಶೀ ಎನ್ನಿಸಿಕೊಂಡ ಅಗ್ನಿಯ ತಾಯತವನ್ನು ಸುಡುತ್ತಾರೆ, ಇಲ್ಲವೆ ಒಲೆಯ ಬುಡದಲ್ಲಿ ಹುದುಗಿಸುತ್ತಾರೆ. ಬೆಂಕಿಯ ತಾಯತವು ಬೆಂಕಿಗೇ ಸಲ್ಲಬೇಕೆಂಬ ಈ ವಿಧಿಯನ್ನು ನೋಡಿದರೆ, ಅಗ್ನಿಜಿನ್ನನ್ನು ಉಂಗುರದಲ್ಲಿಟ್ಟು ತಲೆಮಾರುಗಳವರೆಗೆ ತೊಡಬಹುದೆಂಬ ಮಾತು ಆ ಶಾಸ್ತ್ರಕ್ಕೇ ಎಷ್ಟು ಹೊರಗಿನದೆಂಬುದು ಸ್ಪಷ್ಟವಾಗುತ್ತದೆ.

ನಮ್ಮ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ತಾಯತವೆಂದರೆ 1799ನೆಯ ಇಸವಿ ಮೇ 4ರ ರಾತ್ರಿ ಶ್ರೀರಂಗಪಟ್ಟಣದ ಕೋಟೆಬಾಗಿಲಲ್ಲಿ, ಹೆಣಗಳ ರಾಶಿಯ ನಡುವೆ, ಟೀಪು ಸುಲ್ತಾನನ ತೋಳಿನ ಮೇಲಿದ್ದುದು. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯಾದ ಬೀಟ್ಸನನ, ಮರುವರ್ಷವೇ ಅಚ್ಚಾದ ಗ್ರಂಥದಲ್ಲಿ ಅದರ ವರ್ಣನೆಯಿದೆ: ಬಲತೋಳಿಗೆ ಕಟ್ಟಿದ್ದ, ಹೂಚಿತ್ತಾರದ ರೇಷ್ಮೆಯಲ್ಲಿ ಹೊಲಿದಿದ್ದ ಚೀಲದಲ್ಲಿ ಬೆಳ್ಳಿಯ ಬಣ್ಣದ ಪೆಡಸಾದ ಲೋಹದ ತುಣುಕೊಂದೂ ಅರಬ್ಬೀ, ಪಾರಸಿ ಅಕ್ಷರಗಳಲ್ಲಿ ಬರೆದ ಮಂತ್ರಗಳೂ ಇದ್ದವು. ಹುಲಿಯ ಲಾಂಛನದ, ಗಡಿಯಾರಗಳನ್ನೂ ಫಿರಂಗಿಗಳನ್ನೂ ಬಲ್ಲ, ಯಂತ್ರಗಳಲ್ಲಿ ಅಷ್ಟೊಂದು ಆಸಕ್ತಿಯಿದ್ದ ದೊರೆಯು ಇದನ್ನೂ ಕಟ್ಟಿಕೊಂಡಿದ್ದನಲ್ಲಾ ಎಂದು ನಗುವವರುಂಟು. ನನಗೆ ನಗು ಬರುವುದಿಲ್ಲ. ಕೋಟೆಯ ಗೋಡೆ ಬಿರಿದ ಮೇಲೆ ಯುದ್ಧಕ್ಕೆ ನಡೆದವನು ತೋಳಿಗೆ ಏನನ್ನು ಕಟ್ಟಿಕೊಂಡನೆಂಬುದನ್ನು ಅಳೆಯಲು ನಾವು ಯಾರು? ಇಲ್ಲಿ ನಾನು ಎತ್ತಿ ತೋರಿಸಬೇಕಾದುದು ಇಷ್ಟೆ: ಅದು ರಕ್ಷಣೆಯ ತಾಯತ, ಬರಹ ಅದರ ಜೀವ. ಬೀಟ್ಸನ್ ಲೋಹದ ಗುಣವನ್ನು ಬಣ್ಣಿಸಿದನು, ಅಕ್ಷರಗಳ ಭಾಷೆಯನ್ನು ಹೆಸರಿಸಿದನು. ಒಕ್ಕಣೆಯೇನೆಂಬುದನ್ನು ಆ ವರ್ಣನೆ ಹೇಳುವುದಿಲ್ಲ.

ಕೊನೆಯದಾಗಿ ನಮ್ಮ ವಿಜಾಪುರದ ಮಾತು. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ, 1570ರಲ್ಲಿ, ಅಲ್ಲಿ ‘ನುಜೂಮುಲ್ ಉಲೂಮ್’ ಎಂಬ ಸಚಿತ್ರವಾದ ಪಾರಸಿ ವಿಶ್ವಕೋಶವು ಸಿದ್ಧವಾಯಿತು. ಈಗ ಅದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಸುಲ್ತಾನನೇ ಅದರ ಕರ್ತೃವಾಗಿದ್ದಿರಬಹುದೆಂದು ಊಹಿಸಿದ ವಿದ್ವಾಂಸರಿದ್ದಾರೆ. ಗ್ರಹನಕ್ಷತ್ರಗಳು, ಆನೆಕುದುರೆಗಳು, ಆಯುಧಗಳು, ತಾಯತಗಳು, ಇವೆಲ್ಲದರ ಜೊತೆಗೆ ರೂಹಾನಿಗಳೆಂಬ ಸ್ತ್ರೀಶಕ್ತಿಗಳ ದೊಡ್ಡದೊಂದು ಪ್ರಕರಣವೂ ಅದರಲ್ಲಿದೆ. ಅವರನ್ನು ಆವಾಹಿಸುವ ಬಗೆಯೂ, ಅವರಿಂದ ಪಡೆಯಬಹುದಾದ ಫಲವೂ ಅಲ್ಲಿ ಹೇಳಲ್ಪಟ್ಟಿದೆ. ಹೆಸರು ಅರಬ್ಬಿಯದು, ಆದರೆ ಆ ಚಿತ್ರಗಳ ನಿಲುವು, ವಾಹನ, ಕೈಯ ಆಯುಧಗಳನ್ನು ಕಂಡವರಿಗೆ ನಮ್ಮ ಯೋಗಿನಿಯರು ನೆನಪಾಗದಿರರು. ಸುಲೈಮಾನನ ಜಿನ್ನುಗಳೂ ದಖನಿನ ಯೋಗಿನಿಯರೂ ಒಂದೇ ಆಸ್ಥಾನದ ಪುಸ್ತಕದಲ್ಲಿ ಅಕ್ಕಪಕ್ಕದಲ್ಲಿ ಕುಳಿತಿದ್ದಾರೆ. ಕುಡಿಕೆಯ ಸುದ್ದಿ ಈ ಪ್ರಕರಣದ ತಿರುಳಲ್ಲ. ಕರೆಯುವ ಮಾತು, ಸಲ್ಲಿಸುವ ಪೂಜೆ, ಪ್ರತಿಯಾಗಿ ದೊರೆಯುವ ಫಲ, ಇವೇ ಅದರ ಷರತ್ತುಗಳು. ಪಾರಸಿಯನ್ನು ಕಲಿತು, ಉತ್ತರ ಕರ್ನಾಟಕದ ಗ್ರಾಮದೇವತೆಗಳ ಹೆಸರುಗಳನ್ನೂ ಹರಕೆಗಳನ್ನೂ ಬಲ್ಲ ತರುಣರು ಯಾರಾದರೂ ಆ ಪ್ರಕರಣವನ್ನು ಪಂಕ್ತಿಪಂಕ್ತಿಯಾಗಿ ಓದಬೇಕು. ಯಾವ ರೂಹಾನಿಗೆ ಯಾವ ಊರಿನ ಅಮ್ಮನ ಚಹರೆಯಿದೆ, ಯಾವ ಷರತ್ತು ಅರಬ್ಬೀ ಗ್ರಂಥದ್ದು, ಯಾವುದು ಡೋಣಿ ನದಿಯ ದಂಡೆಯ ಹರಕೆಯದ್ದು ಎಂಬುದನ್ನು ಬಿಡಿಸಿ ತೋರಿಸುವ ಉಪನ್ಯಾಸವನ್ನು ಈ ಉಪನ್ಯಾಸವನ್ನು ಏರ್ಪಡಿಸಿದ ದತ್ತಿಯ ಆಶ್ರಯದಲ್ಲಿಯೇ ಮುಂದೊಂದು ವರ್ಷ ಕೇಳುವ ಯೋಗ ನಮಗೆ ಬರಲೆಂದು ಬೇಡುತ್ತೇನೆ.